ಹೋಮಕುಂಡದಲ್ಲಿ ಬೆಂದ ಉಲ್ಕೆ

ನನ್ನ ಗಂಡ ಸತ್ಯನಾರಾಯಣ ಮೂವತ್ತು ವರ್ಷ ವಾರೆನ್‌ನ ಕಾರು ಕಾರ್ಖಾನೆಯಲ್ಲಿ ಗೇರುಗಳ ಉಕ್ಕು ಕಾಯಿಸಿ ಹದ ಮಾಡುವ ಎಂಜಿನಿಯರ್ ಆಗಿದ್ದವರು. ೨೦೦೯ರಲ್ಲಿ ಕಂಪನಿ ಅವರನ್ನು ಮನೆಗೆ ಕಳಿಸಿತು. ಬುದ್ಧಿಯನ್ನು ಅಲ್ಲೇ ಬಿಟ್ಟು ಬಂದರು ಅಂತ ನನ್ನ ಗುಮಾನಿ.

ನಮ್ಮ ಶೋಕೇಸಿನಲ್ಲಿ ಮುಷ್ಟಿಗಾತ್ರದ ಉಲ್ಕೆಯೊಂದಿತ್ತು, ಯಾವುದೋ ಕಲ್ಲುಗಳ ಮೇಳದಲ್ಲಿ ಇವರೇ ಕೊಂಡದ್ದು. ನೇಪರ್‌ವಿಲ್‌ನ ಗೆಳತಿ ರೇಣುವಿನ ಮಗಳು ಮಾಳವಿಕಾ ಶಿಕಾಗೋದಲ್ಲಿ ಉಲ್ಕೆಗಳ ಸಂಶೋಧನೆ ಮಾಡುತ್ತಾಳೆ. ನಮ್ಮ ಕಲ್ಲಿನ ಚೂರೊಂದನ್ನು ಪರೀಕ್ಷಿಸಿ ಕುಣಿದಾಡಿಬಿಟ್ಟಳು. ಸೌರಮಂಡಲ ಎಳೆಯದಾಗಿದ್ದಾಗ ಕೆಲವು ಕಾಯಗಳು ಪೂರ್ತಿ ಕರಗಿ ಹಳೆಯ ಗುರುತನ್ನೆಲ್ಲ ಕಳೆದುಕೊಂಡವಂತೆ, ಕೆಲವು ಕರಗಲೇ ಇಲ್ಲವಂತೆ. ಈ ಕಲ್ಲು ಕರಗಲು ಶುರುವಾಗಿ ಅರ್ಧಕ್ಕೇ ನಿಂತದ್ದು. ಮೊದಲು ಕರಗಿದ್ದೇನು, ಎಷ್ಟು ಬಿಸಿಗೆ, ಎಲ್ಲ ಅದರೊಳಗೆ ಹಾಗೇ ಉಳಿದಿದೆ ಎಂದಳು. ಅವಳ ಲ್ಯಾಬಿನಲ್ಲಿ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆಯುತ್ತಿದ್ದರು. ಈ ಕಲ್ಲಿನ ಮೇಲೆ ಕೆಲಸ ಮಾಡಿದರೆ ಮಾತ್ರ ಅವಳು ಉಳಿಯುವಂತಿತ್ತು.

"ಪೂರ್ತಿ ಕಲ್ಲೇ ತಗೊಂಡ್ಹೋಗಮ್ಮ," ಅಂದರು ಇವರು, ದಾನಶೂರ ಕರ್ಣನ ಹಾಗೆ.

ಅವಳು ಬರುವ ಮುಂಚಿನ ಭಾನುವಾರ ವಿಷ್ಣು ಅವರ ಗ್ಯಾರೇಜಿನಲ್ಲಿ, ಎಲ್ಲರಿಗೂ ಕೆಲಸ ಸಿಗಲಿ ಅಂತ ನವಗ್ರಹ ಹೋಮ. ವಿಷ್ಣು ವಾರವಿಡೀ ಸಾಫ್ಟ್‌ವೇರ್ ಮ್ಯಾನೇಜರ್, ರಜೆಯ ದಿನ ಪುರೋಹಿತ. ಟರ್ಕಿ ಕೋಳಿ ಬೇಯಿಸುವ ಅಲ್ಯೂಮಿನಿಯಂ ಟ್ರೇಯಲ್ಲಿ ಇಟ್ಟಿಗೆ ಜೋಡಿಸಿದ ಕುಂಡ, ಕೂಗದಂತೆ ಪ್ಲಾಸ್ಟಿಕ್ ಸುತ್ತಿದ ಸ್ಮೋಕ್ ಅಲಾರ್ಮ್, ಸುತ್ತಲೂ ಕೆಲಸ ಕಳೆದುಕೊಂಡ ಎಂಜಿನಿಯರುಗಳು. ಎಲ್ಲರೂ ನೋಡಲಿ ಅಂತ ಇವರು ಕಲ್ಲನ್ನು ಒಯ್ದಿದ್ದರು.

"ಇದು ಗ್ರಹಲೋಕದಿಂದ ಬಂದಿದ್ದು, ಸತ್ಯ ಅವರೇ. ಅಗ್ನಿಸ್ಪರ್ಶ ಆದ್ರೆ ಎಲ್ಲರ ದೋಷನೂ ಕಳೆಯತ್ತೆ. ಕುಂಡದೊಳಗಿಡಿ," ಅಂದರು ವಿಷ್ಣು.

"ರೀ, ಅದು ಮಾಳವಿಕಾಗೆ ಕೊಟ್ಟಿರೋದು!" ಅಂತ ಕೂಗಿದೆ. ಮಂತ್ರದ ನಡುವೆ ಹೆಂಗಸರು ಬಾಯಿ ಹಾಕಬಾರದಂತೆ. ಇವರು ಕಲ್ಲನ್ನು ಇಟ್ಟೇಬಿಟ್ಟರು. ತುಪ್ಪ ಸುರಿದರು, ಸೌದೆ ಒಟ್ಟಿದರು. ಕಲ್ಲು ಕೆಂಪಗೆ ಕಾದು ಮಾರನೇ ದಿನದವರೆಗೂ ಬೂದಿಯಲ್ಲಿ ಆರಿತು.

ಮಾಳವಿಕಾ ಬಂದಾಗ ಹೋಮದ ವಿಷಯ ನಾನೇ ಹೇಳಿದೆ; ಅವಳು ಕಲ್ಲನ್ನು ಕೈಯಲ್ಲಿ ಹಿಡಿದು ಮಸಿಯನ್ನು ಉಗುರಿನಿಂದ ಕೆರೆದು ನೋಡಿದಳು.

"ಹೌ ಹಾಟ್, ಅಂಕಲ್?"

ಇವರು ತಡವರಿಸಲೇ ಇಲ್ಲ. "ಸಾವಿರದ ನಾನೂರು ಫ್ಯಾರನ್‌ಹೀಟ್ ಇರತ್ತಮ್ಮ. ಆಮೇಲೆ ನಿಧಾನವಾಗಿ ಆರಿದೆ. ಒಳಗಿನ ಕಬ್ಬಿಣದ ಕಣ ಎಲ್ಲ ಬದಲಾಗಿರತ್ತೆ. ಹಳೇ ಬಿಸಿ ಯಾವುದು, ನಮ್ಮ ಬಿಸಿ ಯಾವುದು ಅಂತ ಇನ್ನು ಹೇಳಕ್ಕಾಗಲ್ಲ."

"ಯೂ ನ್ಯೂ?"

"ಗೊತ್ತಿತ್ತು. ಅಷ್ಟು ಜನರ ಮುಂದೆ ವಿಷ್ಣುಗೆ ಹೇಗಮ್ಮ ಬೇಡ ಅನ್ನೋದು?"

ಗೊತ್ತಿಲ್ಲದೆ ಮಾಡಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನನಗೆ ಇವರನ್ನು ನೋಡಿ ಅಸಹ್ಯವಾಯಿತು. ಆ ಹುಡುಗಿ ಕಾಫಿ ಕೂಡ ಕುಡಿಯದೆ ಹೊರಟಳು.

ಬೇಸಿಗೆಗೆ ಅವಳ ಕೆಲಸ ಹೋಯಿತು. ಈಗ ಡೆಸ್ ಪ್ಲೇನ್ಸ್ ಊರಿನ ಗೋದಾಮೊಂದರಲ್ಲಿ ವಿಮಾನಕ್ಕೆ ಹೋಗುವ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಾಳೆ. ಗೋದಾಮಿನ ಕೆಲಸದ ಸುದ್ದಿ ತಿಳಿದು ವಿಷ್ಣು ಫೋನ್ ಮಾಡಿದರು.

"ನೋಡಿದ್ರಾ ಹೋಮದ ಫಲ? ನಮ್ಮಲ್ಲಿ ಮೊದಲು ಕೆಲಸ ಸಿಕ್ಕಿದ್ದು ಆ ಹುಡುಗಿಗೇ!"

"ಹೌದೌದು," ಅಂದರು ನನ್ನ ಗಂಡ.