ಹಿಮದ ಮೇಲಿನ ದ್ವಾದಶಿ

ರಾಯಚೂರಿನಲ್ಲಿ ಹಿಮ ಅಂದರೆ ಜನ ಸೋಡಾ ಅಂಗಡಿಯ ಐಸ್ ನೆನೆಸಿಕೊಳ್ಳುತ್ತಾರೆ. ಕಟ್ಟಿಗೆ ಹೊಟ್ಟು ಮೆತ್ತಿಕೊಂಡು, ಗೋಣಿತಾಟಿನಲ್ಲಿ ಸುತ್ತಿಸಿಕೊಂಡು, ಮನೆ ಮುಟ್ಟುವುದರೊಳಗೆ ಅರ್ಧ ಕರಗಿ ಹೋಗುವ ಐಸ್. ನಾನು ಫೌಜಿನಿಂದ ರಜೆಗೆ ಬಂದಾಗಲೆಲ್ಲ ತೀನ್ ಕಂದೀಲ್ ಚೌಕದ ಹತ್ತಿರದ ಹೋಟೆಲಿನಲ್ಲಿ ಕೂರಿಸಿ ಚಹಾ ಕುಡಿಸಿ ಕೇಳುತ್ತಿದ್ದರು: "ಅಮೀರ್ ಸಾಬ್ರ, ಅಲ್ಲಿ ಹಿಮ ಎಷ್ಟ ಇರತದ್ರಿ?" ಮೊದಮೊದಲು ಬಾಯಿ ನೋಯುವಷ್ಟು ಹೇಳಿದೆ. ಆಮೇಲೆ ಸಿಟ್ಟು ಬಂತು. "ನಿಮ್ಮ ಐಸ್ ಫ್ಯಾಕ್ಟರಿ ಒಡದು ಊರ ತುಂಬಾ ಚೆಲ್ಲಿದಷ್ಟ" ಎಂದು ಎದ್ದು ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇಕಾದರೆ ದೇವದುರ್ಗದಲ್ಲಿ ನಮ್ಮ ಬಳೆ ಅಂಗಡಿಯ ಓಣಿಯಲ್ಲಿ ಯಾರನ್ನಾದರೂ ಕೇಳಿ.

ಆದರೆ ಶೇಷಗಿರಿಯ ಮಾತು ಬಂದರೆ ಕೂತು ಹೇಳುತ್ತೇನೆ.

ಶೇಷಗಿರಿ ಮಾನವಿಯವನು. ಗುಡಿ ಪೂಜೆಯ ವೈಷ್ಣವರ ಮನೆ. ಅಂಥ ಮನೆಯಿಂದ ಫೌಜಿಗೆ ಬಂದವನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ಅವನು ವೈರ್‌ಲೆಸ್ ಹೊರುತ್ತಿದ್ದ, ನಾನು ರೇಷನ್ನು. ಎಂಬತ್ಮೂರರ ಬೇಸಿಗೆ ಮೊದಲಾಗುವ ಹೊತ್ತಿಗೆ ನಮ್ಮ ತುಕಡಿಯನ್ನು ಒಬ್ಬ ಸುಬೇದಾರನ ಕೈಕೆಳಗೆ ಸ್ಕೀ ಮೇಲೆ ಒಂದು ಹಿಮಪರ್ವತ ದಾಟಲು ಕಳಿಸಿದರು. ಈ ಕಡೆಯ ಕಣಿವೆಯಲ್ಲಿ ಏರಿ, ಮೇಲಿನ ಹಿಮದ ಬಯಲುಗಳನ್ನು ಹಾಯ್ದು, ಆ ಕಡೆಯ ಕಣಿವೆಗೆ ಇಳಿಯುವುದು. ದಾರಿ ವಾರದಷ್ಟಿತ್ತು.

ಸ್ಕೀ ಅಂದರೆ ಆಳೆತ್ತರದ ಎರಡು ಹಲಗೆ. ಏರುವಾಗ ಅವುಗಳ ಅಡಿಗೆ ತುಪ್ಪಳದ ಪಟ್ಟಿ ಕಟ್ಟುತ್ತೇವೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಇಳಿಜಾರು ಬಂದರೆ ಪಟ್ಟಿ ಬಿಚ್ಚಿ ಜೇಬಿಗೆ ತುರುಕಿ ಜಾರಿಬಿಡುವುದು. ಮೊದಲ ದಿನವೇ ಶೇಷಗಿರಿ ಆ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದ: "ಅಮೀರ, ಇದು ಯಾ ಪ್ರಾಣಿದೋ?"

"ನೈಲಾನ್ ಅಂತ ಒಂದ್ ಪ್ರಾಣಿ ಅದ. ಕಟ್ಟಗೋ ಸುಮ್ನ," ಎಂದೆ.

ಆ ಏರು ನಡಿಗೆಗೆ ಒಂದು ಜೋಂಪು ಇದೆ. ಎಡಗಾಲು ಸುಯ್ಯೆಂದು ಸರಿಯುತ್ತದೆ, ಬಲಗಾಲು ಸುಯ್ಯೆಂದು ಸರಿಯುತ್ತದೆ, ಎದುರಿನ ಶಿಖರ ಮಾತ್ರ ಇದ್ದಲ್ಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಾತು ಖಾಲಿಯಾಗುತ್ತದೆ. ಆಮೇಲೆ ನಮ್ಮ ಊರುಗಳು ತಾವಾಗಿ ಬಂದು ಜೊತೆಗೆ ನಡೆಯುತ್ತವೆ. ನನಗೆ ಬಳೆ ಅಂಗಡಿಯ ಸದ್ದು ಕೇಳುತ್ತಿತ್ತು, ಅಮ್ಮಿ ಹೆಣ್ಣುಮಕ್ಕಳ ಕೈ ಹಿಚುಕಿ ಬಳೆ ಏರಿಸುವಾಗಿನ ಸಣ್ಣ ಕಿಣಿಕಿಣಿ. ಕೃಷ್ಣೆಯ ಕಡೆಯಿಂದ ಬರುವ ಬಿಸಿಗಾಳಿ ಕುತ್ತಿಗೆಗೆ ತಾಗಿದಂತಾಗಿ ನಾನು ಮಫ್ಲರು ಸಡಿಲಿಸಿಕೊಂಡದ್ದೂ ಉಂಟು. ಅಲ್ಲಿ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಸಿಟ್ಟು ಮಾಡಲು ಎದುರಿಗೆ ಏನೂ ಇರಲಿಲ್ಲ, ಬರೀ ಬಿಳಿ.

ನಡುವೆ ಗಾಳಿ ಎದ್ದು ಟೆಂಟಿನಲ್ಲೇ ಬಿದ್ದುಕೊಂಡೆವು. ಗಾಳಿ ನಿಂತ ಬೆಳಿಗ್ಗೆ ಹೊರಟಾಗ ಶೇಷಗಿರಿ ತನ್ನ ಚಹಾ ಮಗ್ಗು ಹಿಡಿದು ಟೆಂಟಿನ ಹಿಂದೆ ಹೋದ. ಅವನ ಹಿಂದೆಯೇ ಹೋಗಿ ನೋಡಿದರೆ ಹಿಮದಲ್ಲಿ ಕಂದು ಬಣ್ಣದ ಒಂದು ತೂತು, ಇನ್ನೂ ಹೊಗೆಯಾಡುತ್ತಿತ್ತು. ಚಹಾ ಚೆಲ್ಲಿದ್ದ.

"ಏನಲೇ ಇದು?"

"ಇವತ್ತ ಏಕಾದಶಿ."

"ದೇಶಾಂತರ ಇದ್ದಾವ್ರಿಗೆ ನಮ್ಮಾಗ ರೋಜಾ ಮಾಫಿ ಅದ. ನಿಮ್ಮಾಗ ಇಲ್ಲೇನು?"

"ನಮ್ಮ ಮನಿತನದಾಗ ಇಲ್ಲ. ನೀರ ಸೈತ ಮುಟ್ಟಂಗಿಲ್ಲ. ನೀ ಸುಬೇದಾರಗ ಹೇಳಬ್ಯಾಡ."

ಊರಿನಲ್ಲಿ ಒಂದು ದಿನ ನೀರು ಬಿಟ್ಟರೆ ಮನುಷ್ಯ ಮಲಗಿ ಕಳೆದಾನು. ಆ ಎತ್ತರದಲ್ಲಿ ಉಸಿರಿನೊಂದಿಗೇ ಮೈಯ ನೀರು ಹೋಗುತ್ತದೆ, ಕುಡಿಯದವನ ತಲೆ ಮೊದಲು ತಿರುಗುತ್ತದೆ, ಆಮೇಲೆ ಕಾಲು ಸೋಲುತ್ತದೆ. ಅವನಿಗೂ ಇದು ಗೊತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನಾನು ಹೇಳಿಯೇ ಹೇಳಿದೆ, ಅವನು ಪಟ್ಟಿ ಕಟ್ಟಿಕೊಂಡು ನಡೆದೇ ಬಿಟ್ಟ.

ಮಧ್ಯಾಹ್ನ ಎಲ್ಲಕ್ಕಿಂತ ಮೇಲಿನ ಬಯಲು ಮುಟ್ಟಿದೆವು. ಮುಟ್ಟುತ್ತಲೇ ಮಂಜು ಮುಸುಕಿತು. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿ ಹಾರುವಾಗ ಕಣ್ಣು ಬಿಟ್ಟ ಹಾಗೆ, ಮೇಲೆ ಕೆಳಗೆ ಒಂದೇ ಬಿಳಿ. ಹೊತ್ತು ಎಲ್ಲಿದೆ ತಿಳಿಯದು, ನೆರಳು ಬೀಳದು. ಮುಂದೆ ಸುಬೇದಾರನ ಸೀಟಿ ಕೇಳಿಸುತ್ತಿತ್ತು, ಅದರ ಹಿಂದೆ ನಾವು. ನನ್ನ ಮುಂದಿದ್ದ ಶೇಷಗಿರಿ ನಿಂತ.

"ಅಮೀರ, ಕಲ್ಲೂರು ಬಂತು ನೋಡೋ," ಎಂದ. ದನಿಯಲ್ಲಿ ಎಂಥಾ ಸಮಾಧಾನ. "ಬೇವಿನ ಗಿಡದ ಬುಡಕ ಬಸ್ ನಿಂತದ. ಮಾನವಿ ಇನ್ನೇನ್ ದೂರಿಲ್ಲ. ಈ ಹಲಗಿ ಬಿಚ್ಚಿ ನಡಕೋತ ಹೋಗತೀನಿ, ಎರಿ ಹೊಲ ಒಣಗೇದ."

ಬಗ್ಗಿ ಸ್ಕೀ ಬಿಚ್ಚಿಯೂ ಬಿಟ್ಟ. ಅವನು ಕಾಲು ಕಿತ್ತಿಟ್ಟ ಕಡೆ ಬಯಲು ಮುಗಿದು ಕೆಳಗೆ ಏನೂ ಇರಲಿಲ್ಲ. ಬೆನ್ನಿನ ಚೀಲ ಹಿಡಿದು ಹಿಂದಕ್ಕೆಳೆದು ಅವನ ಮೇಲೆಯೇ ಬಿದ್ದೆ. ಸುಳ್ಳು ಯಾಕೆ ಹೇಳಲಿ, ಬೀಳುವ ಮುಂಚೆ ನನಗೂ ಆ ಬಸ್ಸು ಕಂಡಿತು. ಕೆಂಪು ಬಸ್ಸು, ಕವಿತಾಳದ ಬೋರ್ಡು, ಕಿಟಕಿಯಲ್ಲಿ ಒಂದು ಕೋಳಿ. ಹತ್ತಿ ಕೂತುಬಿಡೋಣ ಎನ್ನಿಸುವಷ್ಟು ಚೆಂದ ಇತ್ತು.

ಸುಬೇದಾರ ಹಿಂದಿರುಗಿ ಬಂದ. ಹಿಮ ತೋಡಿ ಗುಂಡಿ ಮಾಡಿ, ಮೇಲೆ ತಾಡಪತ್ರಿ ಎಳೆದು, ಶೇಷಗಿರಿಯನ್ನು ನಡುವೆ ಕೂರಿಸಿ ಸ್ಟೋವ್ ಹಚ್ಚಿದೆವು. ಹಿಮ ಕರಗಿಸಿ ಸಕ್ಕರೆ ಹಾಕಿ ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡ. ಸುಬೇದಾರ ಗಢವಾಲಿನವನು, ಮಾತು ಕಡಿಮೆ. ಹಿಂದಿಯಲ್ಲಿ ನನಗೆ ಇಷ್ಟೇ ಹೇಳಿದ: ಇವನು ಕುಡಿದರೆ ಕತ್ತಲಾಗುವುದರೊಳಗೆ ತನ್ನ ಕಾಲ ಮೇಲೆ ಇಳಿಯುತ್ತಾನೆ. ಕುಡಿಯದಿದ್ದರೆ ಇವನನ್ನು ಹೊತ್ತು ಇಳಿಸಲು ನಮ್ಮಿಂದಾಗದು, ರಾತ್ರಿ ಇಲ್ಲೇ ಕಳೆಯಬೇಕು, ಬೆಳಿಗ್ಗೆ ಇವನು ಏಳುವುದಿಲ್ಲ. ನಿನ್ನ ಊರಿನವನು, ನೀನೇ ಒಪ್ಪಿಸು.

ಬೈದೆ. ಕಾಲು ಹಿಡಿದೆ. ನನಗೆ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ಅವನು ಕಣ್ಣು ಮುಚ್ಚಿ ನನ್ನ ಹೆಗಲ ಮೇಲೆ ಒರಗಿದ, ಜೋಂಪು ಹತ್ತಿತು.

ಆಗ ನನಗೆ ದೇವದುರ್ಗದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ್ದ ಆಚಾರರ ಮನೆ ನೆನಪಾಯಿತು. ಏಕಾದಶಿ ದಿನ ಆ ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಮರುದಿನ ದ್ವಾದಶಿ, ಕೋಳಿ ಕೂಗುವ ಮೊದಲೇ ಅಗಸೆ ಸೊಪ್ಪಿನ ಪಲ್ಯದ ವಾಸನೆ ನಮ್ಮನ್ನು ಎಬ್ಬಿಸುತ್ತಿತ್ತು. ಹೊತ್ತು ಮೀರುವುದರೊಳಗೆ ಉಣ್ಣಲೇಬೇಕು, ಅದಕ್ಕೆ ಪಾರಣೆ ಅನ್ನುತ್ತಾರೆ. ಪಾರಣೆ ತಪ್ಪಿದರೆ ಉಪವಾಸ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆಚಾರರು ನಿದ್ದೆಗಣ್ಣಿನ ಮಕ್ಕಳನ್ನು ಬೈದು ಬೈದು ಉಣ್ಣಿಸುವುದು ನಮಗೆ ಗೋಡೆಯ ಈ ಕಡೆ ಕೇಳುತ್ತಿತ್ತು.

ಶೇಷಗಿರಿಯ ಕೈಗಡಿಯಾರ ಬಿಚ್ಚಿ ನನ್ನ ಜೇಬಿಗೆ ಹಾಕಿಕೊಂಡೆ. ಅವನ ಕೆನ್ನೆ ತಟ್ಟಿದೆ.

"ಏಳಲೇ. ಬೆಳಕಾಗೇದ. ರಾತ್ರೆಲ್ಲ ಮಕ್ಕೊಂಡಿ. ದ್ವಾದಶಿ."

ಕಣ್ಣು ಬಿಟ್ಟ. ತಾಡಪತ್ರಿಯ ಅಂಚಿನಲ್ಲಿ ಅದೇ ಬಿಳಿ ಬೆಳಕು. ಅದು ಬೆಳಗಿನದೋ ಸಂಜೆಯದೋ, ನೋಡಿದವರಿಗೆ ಹೇಳಲು ಬರುತ್ತಿರಲಿಲ್ಲ.

"ಖರೇನ?"

"ಖರೇನಂದ್ರ? ಹೊತ್ತು ಮೀರಾಕತ್ತದ. ಪಾರಣಿ ತಪ್ಪಿದ್ರ ನಿನ್ನ ಏಕಾದಶಿ ಹಾಳಾಗಿ ಹೋಗತದ, ಆಮ್ಯಾಗ ನನ್ನ ಅನಬ್ಯಾಡ."

ಅವನ ಮುಖದಲ್ಲಿ ಗಾಬರಿ ಕಂಡಿತು. ಇಡೀ ದಿನದಲ್ಲಿ ಅವನಿಗೆ ಭಯವಾದದ್ದು ಅದೊಂದಕ್ಕೇ. "ಸ್ನಾನ ಆಗಿಲ್ಲಲ್ಲೋ," ಎಂದ.

"ಹಿಮದಾಗ ಹುಗಸಿಕೊಂಡು ಕುಂತೀ. ಇದಕ್ಕಿಂತ ಯಾ ಸ್ನಾನ ಬೇಕೋ ನಿನಗ?"

ಅಂಗೈ ಚಾಚಿದ. ನನ್ನ ಅಲ್ಯೂಮಿನಿಯಂ ಮಗ್ಗಿನಿಂದ ಅದಕ್ಕೆ ಚೂರು ನೀರು ಬಿಟ್ಟೆ. ಏನೋ ಗುಣುಗುಟ್ಟಿ ಮೂರು ಸಲ ಕುಡಿದ. ಆಮೇಲೆ ಮಗ್ಗನ್ನೇ ಕಸಿದುಕೊಂಡ. ಸಕ್ಕರೆ ನೀರು, ಬಿಸ್ಕೀಟು, ಮತ್ತೆ ನೀರು. ಸುಬೇದಾರನಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಏನು ಮಂತ್ರ ಹಾಕಿದೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದ.

ಇಳಿದೆವು. ತುಪ್ಪಳದ ಪಟ್ಟಿ ಬಿಚ್ಚಿ ಹಲಗೆ ಬಿಟ್ಟರೆ ಕೆಳಗೆ ನೆಲ ಇದೆ ಅನ್ನಿಸುವುದಿಲ್ಲ. ನಿದ್ದೆಯಲ್ಲಿ ಬೀಳುತ್ತೇವಲ್ಲ, ಬೀಳುತ್ತಲೇ ಇರುತ್ತೇವಲ್ಲ, ಹಾಗೆ. ಶೇಷಗಿರಿ ನನ್ನ ಮುಂದೆ ಬಳುಕುತ್ತ ಜಾರುತ್ತಿದ್ದ. ಮಂಜು ಹರಿದು ಎಲ್ಲೋ ಕೆಳಗೆ ದೇವದಾರು ಮರಗಳು ಕಂಡವು. ಖುಷಿಗೆ ನಾನು ನಮ್ಮ ದಖನಿ ಉರ್ದುವಿನಲ್ಲಿ ಏನೇನೋ ಬೈದುಕೊಂಡು ಇಳಿದೆ. ಕೆಳಗಿನ ಶಿಬಿರದಲ್ಲಿ ಅವನು ಜ್ವರದಿಂದ ಮಲಗಿಬಿಟ್ಟ. ಎದ್ದಾಗ ವಾರವನ್ನೂ ತಿಥಿಯನ್ನೂ ಕೇಳಲಿಲ್ಲ. ನಾನು ಗಡಿಯಾರ ವಾಪಸು ಕಟ್ಟಿದೆ.

ಬೇಸಿಗೆ ರಜೆಗೆ ಇಬ್ಬರೂ ಬಂದೆವು. ಮಾನವಿಯಲ್ಲಿ ಬಸ್ಸಿಳಿದರೆ ಬೆಂಕಿಯಂಥ ಬಿಸಿಲು. ಅವನ ತಾಯಿ ವೆಂಕೂಬಾಯಿ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು ಕಟ್ಟೆಯ ತುದಿಗೆ ಕೂತಿದ್ದರು. ಮಡಿಯಲ್ಲಿದ್ದರು, ನಾನು ದೂರ ಕೂತೆ. ಶೇಷಗಿರಿ ನಿಂತಲ್ಲೇ ಶುರು ಮಾಡಿದ: "ಅವ್ವಾ, ಅಂಥಾ ಹಿಮದಾಗೂ ಏಕಾದಶಿ ಬಿಡಲಿಲ್ಲ ನಾನು. ಗುಂಡ್ಯಾಗ ಕೂತು ಪಾರಣಿ ಮಾಡಿ, ಅವತ್ತ ಸಂಜಿಗೆ ಕೆಳಗ ಇಳದ್ವಿ." ಹೆಮ್ಮೆಯಿಂದ ಹೇಳಿ ಸ್ನಾನಕ್ಕೆ ಹೋದ.

ಅವರು ಬೆರಳು ಎಣಿಸಿ ಕೇಳಿದರು: "ನೀವು ಕೆಳಗ ಇಳದದ್ದು ಯಾ ವಾರಪ್ಪಾ?"

"ಶುಕ್ರವಾರ್ರಿ ಅವ್ವಾರ," ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಶುಕ್ರವಾರ ಏಕಾದಶಿ. ನಾನೂ ಉಪವಾಸ ಇದ್ದೆ."

ಇನ್ನು ಮುಚ್ಚಿಟ್ಟು ಏನು ಮಾಡುವುದು? ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಏರಿತು. "ಸಾವಿರ ಸುಳ್ಳ ಹೇಳಿ ಒಂದ್ ಮದುವಿ ಮಾಡು ಅಂತಾರ್ರಿ. ನಾ ಜೀವಕ್ಕ ಒಂದ ಹೇಳೀನಿ. ಪಾಪ ಹತ್ತಿದ್ರ ನನಗ ಹತ್ತಲಿ. ಅವಗೇನೂ ಅನಬ್ಯಾಡ್ರಿ."

ವೆಂಕೂಬಾಯಿ ಎದ್ದು ಒಳಗೆ ಹೋದರು. ಎದ್ದು ಹೋಗು ಅಂದ ಹಾಗೆ ಎಂದುಕೊಂಡು ನಾನು ಚಪ್ಪಲಿ ಹುಡುಕಿದೆ. ಅವರು ಒಂದು ಚೆಂಬು ನೀರು ತಂದು, ದೂರ ಇಡದೆ, ನನ್ನ ಕೈಯಲ್ಲಿಯೇ ಕೊಟ್ಟರು. ಅವರ ಮಡಿ ಕೆಟ್ಟಿತು.

"ಕುಡಿಯಪ್ಪಾ," ಎಂದರು. "ಶೇಷಗಿರಿ ಅವರಪ್ಪಗ ಜ್ವರ ಬಂದಾಗ ಏಕಾದಶಿ ಇತ್ತು. ನೀರು, ನೀರು ಅಂದ್ರು. ನಾ ಚೆಂಬು ಹಿಡಕೊಂಡು ಬಾಜೂಕ ಕೂತಿದ್ದೆ, ಬೆಳಗಾಗಲಿ, ಬೆಳಗಾಗಲಿ ಅಂದೆ. ಬೆಳಗಾಗೋದ್ರೊಳಗ ಹೋಗಿಬಿಟ್ರು."

ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಬೆಳಗಾತು ಅಂತ ಅನಬಹುದಿತ್ತು ನೋಡು. ನನಗ ಹೊಳೀಲೇ ಇಲ್ಲ."