ವಾರಗಿತ್ತಿ ಕಂಡ ಬೆವರು

ಒಂದೇ ಮನೆಯಲ್ಲಿ ಒಂದೇ ವಾರ ಎರಡು ಹೆರಿಗೆಯಾದರೆ ಬಂದವರು ಹೋಲಿಸಿ ನೋಡದೆ ಬಿಡುತ್ತಾರೆಯೇ? ಕಿರಿ ಸೊಸೆಯ ಮಗ ಗುಂಡುಗುಂಡಗಿದ್ದ. ಹೊಲಿಗೆ ಕೆಲಸದ ಹಿರಿ ಸೊಸೆಯ ಮಗಳು ಕಡ್ಡಿಯಂತಿದ್ದಳು. ಬಂದವರೆಲ್ಲ ಮೊದಲು ಕಿರಿಯವಳ ಕೋಣೆಗೇ ಹೋಗುತ್ತಿದ್ದರು. ಅಲ್ಲಿಂದ ನಗು ಕೇಳಿದಾಗಲೆಲ್ಲ ಹಿರಿಯವಳ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಊರಿನ ನರ್ಸಮ್ಮ ಮಕ್ಕಳ ತೂಕ ನೋಡಲು ಕರೆದರೂ, ಅವಳು ಕೆಲಸವಿದೆ ಎಂದು ತಪ್ಪಿಸಿಕೊಂಡಳು.

ಒಂದೂವರೆ ತಿಂಗಳಾಗಿತ್ತು. ಹಿರಿಯವಳ ಮಗು ನಾಲ್ಕು ಗುಟುಕು ಕುಡಿದು, ಏದುಸಿರು ಬಿಟ್ಟು ಅಳುತ್ತಿತ್ತು. ಕಿರಿಯವಳು ಬಾಗಿಲಲ್ಲೇ ನಿಂತಳು.

"ಅಕ್ಕಾ, ಹಾಲು ಕುಡಿಯೋವಾಗ ಇವಳ ಹಣೆ ಯಾಕೆ ಇಷ್ಟು ಬೆವರತ್ತೆ? ನನ್ನ ಮಗನಿಗೆ ಹೀಗಾಗಲ್ಲ."

"ನಿನ್ನ ಮಗ ಬಂಗಾರ. ನನ್ನ ಮಗಳಲ್ಲಿ ಹುಳುಕು ಹುಡುಕಬೇಡ."

ಕಿರಿಯವಳು ಮಾತು ಬೆಳೆಸದೆ ಹೋಗಿ ನರ್ಸಮ್ಮನನ್ನು ಕರೆತಂದಳು. ಚಾಡಿ ಹೇಳಿದ್ದಾಳೆಂದು ಹಿರಿಯವಳು ಒಳಗೊಳಗೇ ಕುದಿದಳು. ನರ್ಸಮ್ಮ ಮಗುವಿನ ಉಸಿರು ಎಣಿಸಿದರು; ತೀರ ವೇಗವಾಗಿತ್ತು. ಹೃದಯದ ತೊಂದರೆ ಇರಬಹುದು, ಹೃದಯಕ್ಕೂ ರಕ್ತ ಬೇಕು, ಅದನ್ನು ತರುವ ನಾಳ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿರುತ್ತದೆ ಎಂದರು. ದೊಡ್ಡಾಸ್ಪತ್ರೆಯಲ್ಲಿ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಬೇಕು, ಅದಕ್ಕೆ ಸೂಜಿಯಿಲ್ಲ, ನೋವಿಲ್ಲ ಎಂದೂ ಹೇಳಿದರು.

"ಅವಳ ಮಗನಿಗೂ ಮಾಡಿಸ್ತೀರಾ?" ಎಂದಳು ಹಿರಿಯವಳು.

"ಅವನಿಗೆ ಈ ಲಕ್ಷಣ ಇಲ್ಲ. ಇದೇನು ಪಂದ್ಯ ಅಲ್ಲಮ್ಮ. ಇವತ್ತೇ ಹೊರಡು."

ದೊಡ್ಡಾಸ್ಪತ್ರೆಯಲ್ಲಿ ವೈದ್ಯೆ ಮಗುವಿನ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪರದೆಯನ್ನು ಬಹಳ ಹೊತ್ತು ನೋಡಿದರು. ಹೃದಯಕ್ಕೆ ರಕ್ತ ಕೊಡುವ ಎಡ ನಾಳ, ಶ್ವಾಸಕೋಶಕ್ಕೆ ಹೋಗುವ ನಾಳದಿಂದ ಹುಟ್ಟಿತ್ತು. ಹಾಗಾಗಿ ಹೃದಯಕ್ಕೆ ಸಾಕಷ್ಟು ಒಳ್ಳೆಯ ರಕ್ತ ಸಿಗುತ್ತಿರಲಿಲ್ಲ. ಹುಟ್ಟಿದ ಹೊಸದರಲ್ಲೇ ಈ ಸ್ಕ್ಯಾನ್ ಮಾಡಿದ್ದರೆ ಆಗಲೇ ಕಾಣಬಹುದಿತ್ತು, ಈಗಲೂ ಕಾಲ ಮೀರಿಲ್ಲ, ಆದರೆ ಆಪರೇಷನ್ ತಡಮಾಡುವಂತಿಲ್ಲ ಎಂದರು.

ಆಪರೇಷನ್ ನಡೆಯುವಾಗ ಕಿರಿಯವಳು ಮಗನನ್ನೆತ್ತಿಕೊಂಡು ಬಂದು ಬೆಂಚಿನಲ್ಲಿ ಪಕ್ಕಕ್ಕೇ ಕೂತಳು. ಆ ದುಂಡು ಕೆನ್ನೆ ಕಂಡು ಹಿರಿಯವಳಿಗೆ ಆಗಲೂ ಸಂಕಟವಾಯಿತು.

"ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೇ," ಎಂದಳು.

"ಗೊತ್ತು ಅಕ್ಕಾ," ಎಂದ ಕಿರಿಯವಳು ಮಗನನ್ನು ಅವಳ ತೊಡೆಗೆ ಹಾಕಿದಳು. ಹಿರಿಯವಳು ಅವನನ್ನು ಅಪ್ಪಿಕೊಂಡು ಅತ್ತಳು.

ಮಗಳು ಬದುಕಿದಳು. ಈಗ ಎಂಟು ತಿಂಗಳು. ಬಟ್ಟೆ ಚೂರುಗಳ ನಡುವೆ ತೆವಳುತ್ತಾಳೆ. ಹೊಲಿಸಲು ಬರುವ ಬಸುರಿಯರಿಗೆಲ್ಲ ಹಿರಿಯವಳು ಈ ವಿಷಯ ಹೇಳದೆ ಕಳಿಸುವುದಿಲ್ಲ.

ಅಮ್ಮಂದಿರೇ, ನಿಮ್ಮ ಕೂಸು ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ, ತೂಕ ಏರದಿದ್ದರೆ ಮುಚ್ಚಿಡಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಎಕೋ ಬೇಕೆಂದರೆ ಹೆದರದೆ ಮಾಡಿಸಿ. ಪಕ್ಕದ ಮನೆಯ ಮಗುವಿನಲ್ಲಿ ಇದನ್ನು ಕಂಡರೆ, ಅವರು ಮುಖ ಸಿಂಡರಿಸಿದರೂ ಸರಿ, ಬಾಯಿಬಿಟ್ಟು ಹೇಳಿ.