ತಿರುಗಿಸಿ ಹಾಕಿದ ಬಿಲ್ಲೆ

ಡ್ರೈವರಕ್ಕನ ಅಪ್ಪನಿಗೆ ಡಿಪೋದವರು ಇಟ್ಟ ಹೆಸರು ಹಾರ್ನಣ್ಣ. ಅಪ್ಪ ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ಆ ಹೆಸರು ಇನ್ನೂ ಸರ್ವಿಸ್‌ನಲ್ಲೇ ಇತ್ತು. ತಾನು ಬಸ್ ಓಡಿಸುತ್ತಿದ್ದಾಗ ತನ್ನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ಮಗಳು ಅದೇ ಡಿಪೋದಲ್ಲಿ ಸ್ಟಿಯರಿಂಗ್ ಹಿಡಿದ ಮೇಲೆ ಅವಳ ಬಗ್ಗೆ ಶುರುಮಾಡಿದ. ಸ್ಟಾಪಿನಲ್ಲಿ ನಿಂತ ಅಪರಿಚಿತರಿರಲಿ, ತರಕಾರಿ ಅಂಗಡಿಯವಳಿರಲಿ, ಯಾರಿಗೂ ಬಿಡುಗಡೆ ಇರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋದವನು ಬಾಯಲ್ಲಿ ಹತ್ತಿ ಇಟ್ಟುಕೊಂಡೇ, “ನನ್ನ ಮಗಳು ರಿವರ್ಸ್ ತೆಗೆಯೋದನ್ನ ನೀವು ಒಂದ್ಸಲ ನೋಡ್ಬೇಕು ಡಾಕ್ಟ್ರೇ” ಅಂದಿದ್ದನಂತೆ. ಡಾಕ್ಟರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಇನ್ನೊಂದು ಸೂಜಿ ಚುಚ್ಚಿದರಂತೆ.

ಆ ಡಿಪೋದಲ್ಲೊಂದು ಪದ್ಧತಿ ಇತ್ತು. ಆಫೀಸಿನ ಗೋಡೆಗೆ ಉದ್ದನೆಯ ಹಲಗೆ, ಹಲಗೆಗೆ ಸಾಲಾಗಿ ಮೊಳೆಗಳು, ಪ್ರತಿ ಮೊಳೆಗೂ ಒಂದು ಬಸ್ಸಿನ ಕೀ. ಕೀಗೆ ಹಿತ್ತಾಳೆಯ ಬಿಲ್ಲೆ ಕಟ್ಟಿರುತ್ತಿದ್ದರು. ಬಿಲ್ಲೆಯ ಒಂದು ಮುಖದಲ್ಲಿ ಬಸ್ಸಿನ ನಂಬರು, ಇನ್ನೊಂದು ಮುಖ ಬೋಳು. ಡ್ಯೂಟಿಗೆ ಬಂದ ಮೇಲೆ ‘ಇವತ್ತು ನನ್ನಿಂದ ಆಗಲ್ಲ’ ಅನ್ನಿಸಿದ ಡ್ರೈವರ್ ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಬೋಳು ಮುಖವನ್ನು ಮುಂದೆ ಮಾಡಬೇಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕೇಳುತ್ತಿರಲಿಲ್ಲ, ನಿಜ. ಬೆನ್ನ ಹಿಂದೆ ಮಾತ್ರ ‘ನಿನ್ನೆ ಸ್ವಲ್ಪ ಜಾಸ್ತಿ ಏರಿಸಿರ್ಬೇಕು’ ಎಂದು ಹಲ್ಲು ಕಿಸಿಯುತ್ತಿದ್ದರು. ಅಪ್ಪ ಒಂದು ದಿನವೂ ಬಿಲ್ಲೆ ತಿರುಗಿಸಿದವನಲ್ಲ. ಮಗಳೂ ಅಷ್ಟೇ. “ನಮ್ಮ ವಂಶದಲ್ಲೇ ಬೋಳು ಬಿಲ್ಲೆ ಇಲ್ಲ!” ಎನ್ನುವುದು ಹಾರ್ನಣ್ಣನ ಅಚ್ಚುಮೆಚ್ಚಿನ ಮಾತಾಗಿತ್ತು.

ಮಗಳ ಬಗ್ಗೆ ಅವನು ತುಟಿ ಪಿಟಕ್ಕೆನ್ನದ ವಿಷಯ ಒಂದೇ ಒಂದಿತ್ತು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಡ್ರೈವರಕ್ಕನಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಜ್ವರವಿಲ್ಲ, ನೋವಿಲ್ಲ, ಏಳಬೇಕು ಅನ್ನುವುದೇ ಒಳಗಿನಿಂದ ಬರುತ್ತಿಲ್ಲ. ಹಾಗೇ ವಾರಗಳು ಕಳೆದವು. ಕಾರಣ ಏನೆಂದು ಕೇಳಿದರೆ ಅವಳಿಗೂ ತಿಳಿಯದು. ಕೊನೆಗೆ ಡಾಕ್ಟರಮ್ಮ ಇದು ಖಿನ್ನತೆ ಎಂದರು. ಮಾತ್ರೆ ಕೊಟ್ಟರು, ಎದುರು ಕೂರಿಸಿಕೊಂಡು ಮಾತಾಡಿಸಿದರು. ಲಾಂಗ್ ಲೀವ್ ಹಾಕಿ, ಡಿಪೋ ಮ್ಯಾನೇಜರ್ ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಡಾಕ್ಟರಮ್ಮ ಸರಿ ಎಂದ ಮೇಲೆಯೇ ಅವಳು ಮತ್ತೆ ಸ್ಟಿಯರಿಂಗ್ ಮುಂದೆ ಕೂತಳು. ಆ ದಿನಗಳಲ್ಲಿ ಅಪ್ಪ ಅವಳ ಬಟ್ಟೆ ಒಗೆದ, ತಟ್ಟೆ ಹಿಡಿದು ಊಟ ಮಾಡಿಸಿದ, ಆಸ್ಪತ್ರೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದ. ಆದರೆ ತರಕಾರಿಯವಳು “ಮಗಳು ಕಾಣಿಸ್ತಾನೇ ಇಲ್ವಲ್ಲ?” ಎಂದಾಗ, “ಬೆನ್ನು ನೋವಮ್ಮ” ಅಂದುಬಿಟ್ಟ. ಕಿಟಕಿಯ ಒಳಗಿದ್ದ ಅವಳಿಗೆ ಅದು ಕೇಳಿಸಿತು. ಊರಿಗೆಲ್ಲ ಕೂಗಿ ಹೇಳುವ ಅಪ್ಪ ಇದೊಂದನ್ನು ಬಚ್ಚಿಟ್ಟನಲ್ಲ ಎಂದು ಅವಳಿಗೆ ತುಂಬ ನೋವಾಯಿತು.

ಈಗ ಅವಳು ಚೆನ್ನಾಗಿದ್ದಳು. ಚೆನ್ನಾಗಿದ್ದು ಬಹಳ ದಿನವೂ ಆಗಿತ್ತು. ಡಾಕ್ಟರಮ್ಮನೇ ಮಾತ್ರೆಯ ಪ್ರಮಾಣ ಇಳಿಸುವ ಮಾತೆತ್ತಿದರು.

“ಇಳಿಜಾರಲ್ಲಿ ಬಸ್ಸು ಹೇಗೆ ಇಳಿಸ್ತೀರಿ?”

“ಗೇರ್ ಹಾಕ್ಕೊಂಡು, ಒಂದೊಂದಾಗಿ ಕಮ್ಮಿ ಮಾಡ್ತಾ.”

“ಇದನ್ನೂ ಹಾಗೇ ಇಳಿಸೋಣ. ನಾನು ಹೇಳೋ ತನಕ ಮುಂದಿನ ಮೆಟ್ಟಿಲು ಇಳಿಯೋ ಹಾಗಿಲ್ಲ.” ಆಮೇಲೆ ಇನ್ನೊಂದು ಪುಟ್ಟ ಮಾತ್ರೆ ಬರೆದುಕೊಟ್ಟರು. “ಮಧ್ಯೆ ಯಾವತ್ತಾದ್ರೂ ಎದೆ ಹೊಡ್ಕೊಂಡು, ಗಾಬರಿ ತಡೆಯೋಕೇ ಆಗ್ದಿದ್ರೆ ಇದು. ದಿನಾ ಅಲ್ಲ. ತಗೊಂಡ ದಿನ ಸ್ಟಿಯರಿಂಗ್ ಮುಟ್ಟಬಾರದು. ಎಲ್ಲ ಸರಿಯಾಗಿದೆ ಅಂತ ನಿಮಗೇ ಅನ್ನಿಸುತ್ತೆ. ಅದನ್ನ ನಂಬಬೇಡಿ.”

ಅಷ್ಟರಲ್ಲೇ ಡಿಪೋಗೆ ಹೊಸ ಬಸ್ಸು ಬಂತು. ರೈಲಿನಂತೆ ಜೋಡಿಸಿದ ಎರಡು ಡಬ್ಬ, ನಡುವೆ ತಿರುವಿನಲ್ಲಿ ಮಡಚಿಕೊಳ್ಳುವ ರಬ್ಬರಿನ ಗೂಡು. ಅಷ್ಟು ಉದ್ದದ ಬಸ್ಸು ಆ ಬೀದಿಗಳಲ್ಲಿ ಎಂದೂ ಓಡಿರಲಿಲ್ಲ. ಮೊದಲ ಟ್ರಿಪ್ಪಿಗೆ ಡ್ರೈವರಕ್ಕನನ್ನೇ ಆರಿಸಿದರು. ಹಾರ್ನಣ್ಣನನ್ನು ಹಿಡಿಯುವವರೇ ಇಲ್ಲವಾಯಿತು. ಅವಳು ಮಾತ್ರ ಮನಸ್ಸಿನಲ್ಲೇ ಒಂದು ಹಟ ಹಿಡಿದಳು: ಆ ಬಸ್ಸು ಹತ್ತುವ ದಿನ ತನ್ನ ಮೈಯಲ್ಲಿ ಒಂದು ಚೂರು ಮಾತ್ರೆಯೂ ಇರಬಾರದು, ಅಪ್ಪನಿಗೆ ಬಚ್ಚಿಡಲು ಏನೂ ಉಳಿಯಬಾರದು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಚಪಲ ಎಲ್ಲ ಡ್ರೈವರ್‌ಗಳಿಗೂ ಗೊತ್ತು, ಅದರ ಅಪಾಯವೂ ಗೊತ್ತು. ಬಸ್ಸಿನಲ್ಲಿ ಎಂದೂ ಮಾಡದ ಆ ತಪ್ಪನ್ನು ಅವಳು ಮಾತ್ರೆಯಲ್ಲಿ ಮಾಡಿದಳು. ಡಾಕ್ಟರಮ್ಮನಿಗೆ ಹೇಳದೆ ನಡುವಿನ ಮೆಟ್ಟಿಲುಗಳನ್ನು ಹಾರಿ, ಪೂರ್ತಿ ನಿಲ್ಲಿಸಿಬಿಟ್ಟಳು.

ಕೆಲವೇ ದಿನಗಳಲ್ಲಿ ಮೈ ಮನಸ್ಸು ಎರಡೂ ಕೈಕೊಟ್ಟವು. ತಲೆ ತಿರುಗಿಸಿದರೆ ಒಳಗೆ ಚುಳ್ಳೆಂದು ಕರೆಂಟು ಹೊಡೆದಂತೆ. ಸುಮ್ಮಸುಮ್ಮನೆ ಕಣ್ಣೀರು, ಸುಮ್ಮಸುಮ್ಮನೆ ಸಿಡುಕು. ಮೊದಲ ಟ್ರಿಪ್ಪಿನ ಬೆಳಗ್ಗೆ ಬಚ್ಚಲಮನೆಯಲ್ಲಿ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಗೋಡೆ ಹಿಡಿದು ಕೂತಳು. ಉಸಿರೇ ಸಿಗುತ್ತಿಲ್ಲ ಅನ್ನಿಸಿತು. ಪುಟ್ಟ ಮಾತ್ರೆ ನುಂಗಿದಳು. ಸ್ವಲ್ಪ ಹೊತ್ತಿಗೆ ಎಲ್ಲ ತಿಳಿಯಾಯಿತು. ಯೂನಿಫಾರ್ಮಿಗೆ ಇಸ್ತ್ರಿ ಹಾಕುವ ಹೊತ್ತಿಗೆ ಎಷ್ಟು ಹಾಯಾಗಿತ್ತೆಂದರೆ, ಡಾಕ್ಟರಮ್ಮ ಹೇಳಿದ್ದು ಬೇರೆ ಯಾರಿಗೋ ಇರಬೇಕು ಎಂದುಕೊಂಡಳು.

ಡಿಪೋದಲ್ಲಿ ಅಪ್ಪ ಅವಳಿಗಿಂತ ಮೊದಲೇ ಹಾಜರಿದ್ದ. ಹೊಸ ಶರಟು, ಕೈಯಲ್ಲಿ ಊರುಗೋಲು. ಅವಳು ಕೀ ತೆಗೆದುಕೊಂಡು ಬಂದು, ಮರದ ಕೋಲು ಹಿಡಿದು, ಬಸ್ಸಿನ ಸುತ್ತ ಟೈರು ಬಡಿಯುತ್ತಾ ಹೊರಟಳು. ಗಾಳಿ ತುಂಬಿದ ಟೈರು ಠಣ್ಣೆನ್ನುತ್ತದೆ, ಇಳಿದದ್ದು ಧಪ್ಪೆನ್ನುತ್ತದೆ. ಅವಳಿಗೆ ಅದನ್ನು ಕಲಿಸಿದವನೇ ಅಪ್ಪ. ಒಂದು ಸುತ್ತು ಮುಗಿಸಿ, “ಎಲ್ಲ ಸರಿ ಇದೆ” ಎಂದು ಬಾಗಿಲಿಗೆ ಕೈ ಹಾಕಿದಳು.

ಅಪ್ಪ ಮೆಕ್ಯಾನಿಕ್ ಜೊತೆ ಹರಟುತ್ತಾ, ಹಳೇ ಚಾಳಿಯಂತೆ ಊರುಗೋಲಿನಿಂದ ಹಿಂದಿನ ಟೈರಿಗೊಂದು ತಟ್ಟಿದ.

ಧಪ್.

ಮೆಕ್ಯಾನಿಕ್ ಬಗ್ಗಿ ನೋಡಿದ. ಮೊಳೆ ಚುಚ್ಚಿತ್ತು. ಅವನು ಜಾಕ್ ತರಲು ಓಡಿದ. ಅಪ್ಪ ಮಗಳ ಮುಖ ನೋಡಿದ.

“ಪುಟ್ಟೀ, ಇದಕ್ಕೆ ಹೊಡೆದ್ಯಲ್ಲ ನೀನು?”

“ಹೊಡೆದೆ.”

“ಕೇಳಿಸ್ಲಿಲ್ವಾ?”

“ಕೇಳಿಸ್ತು ಅಪ್ಪ. ಕೇಳಿಸ್ತು, ಆದ್ರೆ ಏನೂ ಅನ್ನಿಸ್ಲಿಲ್ಲ.”

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಧಪ್ಪೆಂದ ಟೈರಿನ ಪಕ್ಕದಲ್ಲಿ ನಿಂತು ಮನಸ್ಸು ಎಲ್ಲ ಸರಿ ಎಂದಿತ್ತು. ರಸ್ತೆಗೆ ಒಂದು ಮಗು ಅಡ್ಡ ಬಂದರೂ ಹೀಗೇ ಹೇಳೀತು.

“ಬೆಳಗ್ಗೆ ಆ ಪುಟ್ಟ ಮಾತ್ರೆ ತಗೊಂಡಿದೀನಿ. ದಿನಾ ತಗೊಳ್ಳೋದನ್ನ ಡಾಕ್ಟ್ರಿಗೆ ಹೇಳದೆ ಕೇಳದೆ ನಿಲ್ಲಿಸ್ಬಿಟ್ಟಿದ್ದೆ.”

“ಮೆಲ್ಲಗೆ!” ಅಪ್ಪ ಸುತ್ತ ಕಣ್ಣಾಡಿಸಿದ. “ಟೈರು ಬದಲಾಯಿಸ್ತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ, ನೋಡ್ಕೋತೀನಿ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಲ್ಲಪ್ಪ.”

ಡಿಪೋದ ಅಂಗಳ ಅಂದು ಭರ್ತಿಯಾಗಿತ್ತು. ಹೊಸ ಬಸ್ಸು ನೋಡಲು ಡ್ಯೂಟಿ ಇಲ್ಲದವರೂ ಬಂದಿದ್ದರು. ಅವಳು ಅವರೆಲ್ಲರ ನಡುವೆ ನಡೆದು ಆಫೀಸಿಗೆ ಹೋದಳು. ಹಲಗೆಯ ಮೊಳೆಗೆ ಕೀ ಸಿಕ್ಕಿಸಿ, ಬಿಲ್ಲೆ ತಿರುಗಿಸಿದಳು. ಹೊಸ ಬಿಲ್ಲೆ, ಬೋಳು ಮುಖ ಫಳಫಳ ಹೊಳೆಯುತ್ತಿತ್ತು. ಯಾರೂ ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದರೂ ಮ್ಯಾನೇಜರ್ ಮೇಡಂ ಮುಂದೆ ನಿಂತು ಕಾರಣ ಹೇಳಿದಳು, ದನಿ ತಗ್ಗಿಸದೆ ಹೇಳಿದಳು. ಮೇಡಂ ಪೂರ್ತಿ ಕೇಳಿಸಿಕೊಂಡು, “ಒಳ್ಳೇದು ಮಾಡಿದ್ರಿ. ಮೊದಲು ಡಾಕ್ಟ್ರಿಗೆ ಫೋನ್ ಮಾಡಿ” ಎಂದು, ಬದಲಿ ಡ್ರೈವರನನ್ನು ಕರೆಸಿದರು.

ಡಾಕ್ಟರಮ್ಮ ಫೋನಿನಲ್ಲೇ ಚೆನ್ನಾಗಿ ಬೈದರು. ಆಮೇಲೆ ಯಾವ ಮೆಟ್ಟಿಲಿಗೆ ವಾಪಸ್ ಹೋಗಬೇಕೆಂದು ಹೇಳಿ, ಸಂಜೆಯೇ ಬಂದು ಕಾಣಲು ತಿಳಿಸಿದರು.

“ವಾಪಸ್ ಹೋದ್ರೆ ಸೋತ ಹಾಗಲ್ವಾ ಡಾಕ್ಟ್ರೇ?”

“ಇಳಿಜಾರಲ್ಲಿ ಮತ್ತೆ ಗೇರ್ ಹಾಕಿದ ಡ್ರೈವರ್‌ನ ಸೋತ ಅಂತೀರಾ ನೀವು?”

ಫೋನ್ ಇಟ್ಟಾಗ ಅವಳಿಗೆ ಅಳು ಬಂತು. ಹೊಸ ಬಸ್ಸು ಕೈತಪ್ಪಿದ ದುಃಖ ಸಣ್ಣದೇನಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಅದು ಹೆಮ್ಮೆ. ಅಷ್ಟು ಜನರ ಕಣ್ಣೆದುರು ಅವಳು ಬಿಲ್ಲೆ ತಿರುಗಿಸಿದ್ದಳು, ಕಾರಣವನ್ನೂ ಬಾಯಿಬಿಟ್ಟು ಹೇಳಿದ್ದಳು.

ಮನೆಗೆ ಹೋಗೋಣವೆಂದು ಹೊರಬಂದರೆ ಅಪ್ಪ ಹೊಸ ಬಸ್ಸಿನ ಬಾಗಿಲಲ್ಲಿ ನಿಂತಿದ್ದ.

“ಹತ್ತು. ಸೀಟು ಹಿಡಿದಿದೀನಿ.”

ಅವಳು ಪ್ರಯಾಣಿಕರ ಸೀಟಿನಲ್ಲಿ ಕೂತು ಎಷ್ಟು ವರ್ಷವಾಗಿತ್ತೋ! ಅಪ್ಪ ಪಕ್ಕದಲ್ಲಿ ಕೂತ. ಬಸ್ಸು ಹೊರಟಿತು. ಮೊದಲ ಸ್ಟಾಪು ಬಂತು, ಎರಡನೆಯದೂ ಬಂತು. ಹಾರ್ನಣ್ಣನ ಬಾಯಿಂದ ಒಂದು ಮಾತಿಲ್ಲ. ಅವನು ಊರುಗೋಲಿನ ತುದಿಯನ್ನೇ ನೋಡುತ್ತಿದ್ದ. ತನ್ನಿಂದ ಅಪ್ಪನ ತಲೆ ತಗ್ಗಿತೇನೋ ಎಂದು ಅವಳಿಗೆ ಸಂಕಟವಾಯಿತು.

ಮೂರನೆಯ ಸ್ಟಾಪಿನಲ್ಲಿ ತರಕಾರಿಯವಳು ಹತ್ತಿದಳು. ಡ್ರೈವರ್ ಸೀಟು ನೋಡಿದಳು, ಇವರನ್ನು ನೋಡಿದಳು.

“ಏನ್ ಯಜಮಾನ್ರೇ, ಮಗಳೇ ಓಡಿಸ್ತಾಳೆ ಅಂತ ನನ್ನ ಕಿವಿ ತೂತು ಮಾಡಿದ್ರಿ! ಮತ್ತೆ ಬೆನ್ನು ನೋವಾ?”

ಡ್ರೈವರಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ‘ಹೂಂ’ ಎಂಬ ಒಂದಕ್ಷರಕ್ಕೆ ಕಾದಳು. ಅದು ಬರಲಿಲ್ಲ. ಅಪ್ಪನ ಕೈ ಅವಳ ಭುಜ ತಟ್ಟಿತು. ತಿರುಗಿದರೆ ಅವನು, ‘ಹೇಳಲಾ?’ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಇಷ್ಟು ವರ್ಷದಲ್ಲಿ ಹಾರ್ನಣ್ಣ ಮಾತಾಡಲು ಅಪ್ಪಣೆ ಕೇಳಿದ್ದು ಅದೇ ಮೊದಲು. ಹೇಳು ಎಂಬಂತೆ ಅವಳು ತಲೆಯಾಡಿಸಿದಳು.

ಅವನು ಕಂಬಿ ಹಿಡಿದು ಎದ್ದು ನಿಂತ.

“ಬೆನ್ನು ನೋವಲ್ಲಮ್ಮ. ಅವತ್ತೂ ಅಲ್ಲ, ಇವತ್ತೂ ಅಲ್ಲ. ನನ್ನ ಮಗಳಿಗೆ ಮನಸ್ಸಿಗೆ ಕಾಯಿಲೆ ಆಗಿತ್ತು. ಮಾತ್ರೆ ತಗೊಂಡ್ಲು, ಎದ್ದು ಬಂದ್ಲು. ಈಗ ಆ ಮಾತ್ರೇನ ಒಂದೊಂದೇ ಗೇರಲ್ಲಿ ಇಳಿಸ್ತಿದಾಳೆ. ಇವತ್ತು ಗಾಬರಿಗೆ ಒಂದು ಮಾತ್ರೆ ತಗೊಂಡಿದ್ಲು, ತಗೊಂಡ ದಿನ ಓಡಿಸೋ ಹಾಗಿಲ್ಲ. ಹೇಳ್ದೇ ಇದ್ರೆ ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ. ಮುಚ್ಚಿಡು ಅಂತ ನಾನೇ ಹೇಳ್ದೆ, ಕೇಳ್ಲಿಲ್ಲ. ಇಡೀ ಡಿಪೋ ಕಣ್ಣು ಬಿಟ್ಕೊಂಡು ನೋಡ್ತಿರೋವಾಗ ಹೋಗಿ ಬಿಲ್ಲೆ ತಿರುಗಿಸಿ ಬಂದ್ಲು. ಯಾಕೆ ಹೇಳಿ?”

“ಯಾಕೆ?” ಎಂದಳು ತರಕಾರಿಯವಳು, ಚೀಲ ಮಡಿಲಿಗೆ ಅವಚಿಕೊಂಡು.

“ಯಾಕಂದ್ರೆ ಅವಳು ಡ್ರೈವರ್!”

ಮುಂದಿನ ಡಬ್ಬದವರೆಲ್ಲ ಅವಳ ಕಡೆ ತಿರುಗಿದರು. ಅವಳ ಕಿವಿ ಕೆಂಪಾಯಿತು, ಕಣ್ಣು ತುಂಬಿತು, ಆದರೂ ತಲೆ ಎತ್ತಿಯೇ ಕೂತಿದ್ದಳು. ಬಸ್ಸು ತಿರುವಿಗೆ ಬಂತು. ನಡುವಿನ ರಬ್ಬರಿನ ಗೂಡು ಮಡಚಿಕೊಳ್ಳತೊಡಗಿತು. ಅಪ್ಪ ಊರುಗೋಲು ಎತ್ತಿಕೊಂಡು ಆ ಕಡೆಗೇ ಹೆಜ್ಜೆ ಹಾಕಿದ.

“ಅಪ್ಪಾ, ತಿರುವಿನಲ್ಲಿ ಓಡಾಡಬಾರ್ದು, ಕೂತ್ಕೋ! ಎಲ್ಲಿಗೆ ಹೊರಟೆ?”

“ಹಿಂದಿನ ಡಬ್ಬದವರಿಗೆ ಕೇಳಿಸಿರಲ್ಲ ಪುಟ್ಟೀ” ಎಂದ ಹಾರ್ನಣ್ಣ. “ಹೇಳಿ ಬರ್ತೀನಿ.”